ನಾನೂರ ಎಂಬತ್ತೇಳು ಗಂಟೆ ಇಪ್ಪತ್ತೈದು ನಿಮಿಷ

ಮೂಡಬಿದ್ರೆಯಿಂದ ಪುತ್ತಿಗೆಗೆ ಹೋಗುವ ದಾರಿಯ ಪಕ್ಕದ ಎತ್ತರದ ಬೋಳು ಬಯಲಿನ, ಅಂದರೆ ಪದವಿನ ಮೇಲೆ ಸಾವಿರದ ಒಂಬೈನೂರ ಅರವತ್ತನಾಲ್ಕರ ಬೇಸಿಗೆಯಲ್ಲಿ ಒಂದು ಪುಟ್ಟ ವಿಮಾನ ಬಂದಿಳಿಯಿತು. ಮುರಕಲ್ಲಿನ ಆ ಬಯಲಿನಲ್ಲಿ ಮುಳಿಹುಲ್ಲು ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಬೆಳ್ತಂಗಡಿ ಕಡೆ ಹೊಸದಾಗಿ ರಬ್ಬರ್ ಹಾಕಿದವರ ತೋಟಗಳಿಗೆ ಮಳೆಗಾಲಕ್ಕೆ ಮೊದಲು ಆಕಾಶದಿಂದಲೇ ಮದ್ದು ಬಿಡುವ ಕಂಪೆನಿಯೊಂದು ಆ ಜಾಗವನ್ನು ಗೇಣಿಗೆ ಹಿಡಿದು, ಕಲ್ಲು ಕೆತ್ತಿಸಿ ಓಡುದಾರಿ ಮಾಡಿಸಿ, ಎರಡು ತಗಡಿನ ಶೆಡ್ಡು ಕಟ್ಟಿಸಿತ್ತು. ಒಂದರಲ್ಲಿ ವಿಮಾನ, ಇನ್ನೊಂದರಲ್ಲಿ ಆಫೀಸು.

ಆಫೀಸಿನಲ್ಲಿ ಟೈಪಿಸ್ಟ್ ಬೇಕು ಎಂದು ಗೊತ್ತಾದಾಗ ಕಾಂತಿ ಅರ್ಜಿ ಹಾಕಿದಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಬಂಟ್ವಾಳದ ಸೋದರಮಾವನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿತಿದ್ದಳು. ಇಪ್ಪತ್ತೊಂದು ವರ್ಷ. ಮದ್ದಿನ ವಿಮಾನದ ಆಫೀಸಿನಲ್ಲಿ ಪತ್ರ ಟೈಪ್ ಮಾಡುವುದು, ಲಕೋಟೆ ಅಂಟಿಸುವುದು, ಅಷ್ಟೇ ಕೆಲಸ ಎಂದುಕೊಂಡಿದ್ದಳು. ಅಲ್ಲಿ ಅಣ್ಣು ಶೆಟ್ಟರು ಇದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಅಣ್ಣು ಶೆಟ್ಟರಿಗೆ ಐವತ್ತರ ಹತ್ತಿರ ಹತ್ತಿರ ವಯಸ್ಸು. ಬೆಳ್ತಂಗಡಿ ಕಡೆಯ ದೊಡ್ಡ ಮನೆತನದವರು. ಯುದ್ಧಕಾಲದಲ್ಲಿ ವಾಯುಪಡೆ ಸೇರಿ ಬರ್ಮಾದ ಗಡಿಯವರೆಗೆ ಹೋಗಿ, ಹದಿನೆಂಟು ವರ್ಷ ವಿಮಾನಗಳ ದಾಖಲೆ ಬರೆದು ಬಂದವರು. ಕಂಪೆನಿಯಲ್ಲೂ ಅದೇ ಕೆಲಸ. ಎಂಜಿನ್ನಿಗೆ ಒಂದು ಪುಸ್ತಕ, ವಿಮಾನದ ಮೈಗೆ ಒಂದು, ಪ್ರತಿ ಹಾರಾಟಕ್ಕೆ ಇನ್ನೊಂದು. ಎಷ್ಟು ಗಂಟೆ ಎಷ್ಟು ನಿಮಿಷ ಹಾರಿತು, ಯಾವ ಬಿಡಿಭಾಗ ಬಿಚ್ಚಿದರು, ಅದರ ಜಾಗಕ್ಕೆ ಯಾವ ನಂಬರಿನದು ಕೂತಿತು, ಯಾರು ಕೂರಿಸಿದರು, ಯಾರು ನೋಡಿ ಸಹಿ ಹಾಕಿದರು, ಎಲ್ಲವೂ ಅವುಗಳಲ್ಲಿ ಇರಬೇಕು. ಗೆದ್ದಲಿಗೂ ತೇವಕ್ಕೂ ಹೆದರಿ ಶೆಟ್ಟರು ಆ ಮೂರು ಪುಸ್ತಕಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಉಜ್ಜಿ ಅಳಿಸುವ ರಬ್ಬರ್ ಆ ಶೆಡ್ಡಿನಲ್ಲೇ ಇರಲಿಲ್ಲ.

ಮೊದಲ ತಿಂಗಳು ಕಾಂತಿಗೆ ಇದೆಲ್ಲ ಒಂದು ತಮಾಷೆಯಂತೆ ಕಂಡಿತು. ಎಂಜಿನಿಯರ್ ಅಬ್ದುಲ್ ರಹಿಮಾನರು ಬಂಟ್ವಾಳದವರು, ಬೆಂಗಳೂರಿನ ಕಾರ್ಖಾನೆಯಲ್ಲಿ ಪಳಗಿ ಲೈಸೆನ್ಸ್ ಪಡೆದವರು. ಅವರು ಒಂದು ಪಂಪು ಬದಲಾಯಿಸಿ, ಅದರ ನಂಬರನ್ನು ಶೆಡ್ಡಿನಿಂದಲೇ ಕೂಗಿ ಹೇಳಿದರೆ ಶೆಟ್ಟರು ಬರೆದುಕೊಳ್ಳುತ್ತಿರಲಿಲ್ಲ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ, ಎಂಜಿನ್ನಿನ ಕೆಳಗೆ ಮಂಡಿಯೂರಿ, ಟಾರ್ಚು ಬಿಟ್ಟು, ಲೋಹದ ಮೇಲೆ ಕೊರೆದ ಅಂಕಿಯನ್ನು ತಾವೇ ಓದಿ ಬರುತ್ತಿದ್ದರು. ಒಮ್ಮೆ ಹಾಗೆ ಹೋದಾಗ ಪಂಪು ಬಂದ ಪೆಟ್ಟಿಗೆಯ ಚೀಟಿಯಲ್ಲಿ ಮೂರು ಎಂದಿದ್ದುದು ಲೋಹದಲ್ಲಿ ಎಂಟು ಆಗಿತ್ತು. ರಹಿಮಾನರು ತಲೆ ಕೆರೆದುಕೊಂಡು, ಶೆಟ್ಟರ ಕಣ್ಣು ಬಾಡಿಗೆಗೆ ಸಿಗುತ್ತದೆಯೇ ಎಂದು ನಕ್ಕಿದ್ದರು.

ಇನ್ನೊಮ್ಮೆ ವಿಮಾನ ಸ್ವಲ್ಪ ಜೋರಾಗಿಯೇ ನೆಲಕ್ಕೆ ಕುಟ್ಟಿಕೊಂಡು ಇಳಿಯಿತು. ಪೈಲಟ್ ಕ್ಯಾಪ್ಟನ್ ಪೂವಯ್ಯ ಮಡಿಕೇರಿ ಕಡೆಯವರು, ಎತ್ತರದ ಆಳು, ಮಾತಿನಲ್ಲಿ ಚುರುಕು. ನೋಡಿದ್ದು ನಾಲ್ಕು ದನ ಮಾತ್ರ, ಅವು ಯಾರಿಗೂ ಹೇಳುವುದಿಲ್ಲ ಎಂದು ನಗೆಯಾಡುತ್ತ ಬಂದರು. ಅಷ್ಟರಲ್ಲಿ ಶೆಟ್ಟರು ಬರೆದಾಗಿತ್ತು. ರಹಿಮಾನರು ಎರಡು ಗಂಟೆ ವಿಮಾನದ ಕೆಳಗೆ ಮಲಗಿಕೊಂಡು ಚಕ್ರದ ಕಾಲುಗಳನ್ನು ಪರೀಕ್ಷೆ ಮಾಡಬೇಕಾಯಿತು. ಪೂವಯ್ಯನವರು ಆ ದಿನ ಶೆಟ್ಟರ ಹತ್ತಿರ ಮಾತಾಡಲಿಲ್ಲ. ಮರುದಿನ ಬಂದು, ತಮ್ಮ ಸಿಗರೇಟಿನ ಪ್ಯಾಕು ಮುಂದೆ ಹಿಡಿದರು. ಶೆಟ್ಟರು ಸೇದುವವರಲ್ಲ, ಆದರೂ ಒಂದನ್ನು ತೆಗೆದು ಕಿಸೆಯಲ್ಲಿ ಇಟ್ಟುಕೊಂಡರು.

ಇದೆಲ್ಲ ಯಾಕೆ ಇಷ್ಟು ಕಟ್ಟುನಿಟ್ಟು ಎಂದು ಕಾಂತಿ ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು. ಶೆಟ್ಟರು ಬುತ್ತಿಯ ಡಬ್ಬಿ ಮುಚ್ಚಿ, ಯುದ್ಧಕಾಲದ ಒಂದು ಸಂಗತಿ ಹೇಳಿದರು. ಹೋದ ವಿಮಾನವೊಂದು ತಿರುಗಿ ಬರಲಿಲ್ಲ. ಅಧಿಕಾರಿಗಳು ಬಂದು ಮೊದಲು ತೆರೆಸಿದ್ದು ಅದರ ಪುಸ್ತಕವನ್ನು. ಹಿಂದಿನ ದಿನದ ಸಾಲಿನಲ್ಲಿ ಇಂಧನದ ಕೊಳವೆ ನೋಡಲಾಗಿದೆ ಎಂದು ಬರೆದಿತ್ತು. ಯಾರೂ ನೋಡಿರಲಿಲ್ಲ. ಆ ಅಕ್ಷರ ಶೆಟ್ಟರ ಜೊತೆಗೇ ಒಂದೇ ಡೇರೆಯಲ್ಲಿ ಮಲಗುತ್ತಿದ್ದ ಗೆಳೆಯನದು. ಅವನು ಕೆಟ್ಟವನಲ್ಲ, ಮಳೆ ಬರುತ್ತಿತ್ತು, ಊಟಕ್ಕೆ ಹೊತ್ತಾಗಿತ್ತು, ಅಷ್ಟೇ ಎಂದರು. ಮರುದಿನದಿಂದ ಕಾಂತಿಯೂ ಪುಸ್ತಕ ಹಿಡಿದು ಎಂಜಿನ್ನಿನ ಬಳಿ ಹೋಗಿ ನಿಲ್ಲತೊಡಗಿದಳು. ಶೆಟ್ಟರು ಅಂಕಿ ಓದಿದ ಮೇಲೆ ಅವಳೂ ಓದಬೇಕು; ಇಬ್ಬರದೂ ಒಂದೇ ಆದರೆ ಮಾತ್ರ ಮಸಿ. ವರ್ಷ ತುಂಬುವಷ್ಟರಲ್ಲಿ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಎಲ್ಲಿರುತ್ತದೆ, ಅದು ಕೆಟ್ಟರೆ ಏನಾಗುತ್ತದೆ ಎಂದು ಮನೆಯಲ್ಲಿ ತಾಯಿಗೆ ವಿವರಿಸುವಷ್ಟು ಅವಳು ತಯಾರಾಗಿದ್ದಳು.

ಅರವತ್ತೈದರ ಮೇ ತಿಂಗಳು ಬಂತು. ರಬ್ಬರಿಗೆ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲಿನ ಕೆಲವೇ ವಾರಗಳಲ್ಲಿ. ತಪ್ಪಿದರೆ ಮಳೆಯಲ್ಲಿ ಎಲೆಗೆ ರೋಗ ಹತ್ತಿ, ಜುಲೈ ನಡುವೆ ಬರುವ ಆಟಿ ತಿಂಗಳಿಗೆ ಮರ ಬೋಳಾಗುತ್ತದೆ; ಹಾಲು ಅರ್ಧಕ್ಕರ್ಧ ಇಳಿಯುತ್ತದೆ. ವಿಮಾನ ಬೆಳಗ್ಗೆ ಆರಕ್ಕೆ ಏಳುವುದು, ಬೆಳ್ತಂಗಡಿ ಕಡೆ ಹೋಗಿ ಮದ್ದು ಬಿಟ್ಟು ಬರುವುದು, ಮತ್ತೆ ತುಂಬಿಸಿಕೊಂಡು ಹೋಗುವುದು. ಇಪ್ಪತ್ತಾರನೇ ತಾರೀಕಿಗೆ ಉಳಿದದ್ದು ಮೂರು ತೋಟ ಮಾತ್ರ. ಅದರಲ್ಲಿ ದೊಡ್ಡದು ಶೆಟ್ಟರ ಅಕ್ಕ ಅಮ್ಮಣ್ಣಿಯವರದು. ತನ್ನ ತಮ್ಮನೇ ಕೆಲಸ ಮಾಡುವ ಕಂಪೆನಿಯ ವಿಮಾನ ಎಂಬ ಭರವಸೆಯಿಂದ ಅವರು ಬೇರೆಯವರನ್ನು ಮುಂದೆ ಬಿಟ್ಟು ಕೊನೆಗೆ ತಮ್ಮದಿರಲಿ ಎಂದಿದ್ದರು.

ಎಂಜಿನ್ನಿಗೆ ಒಂದು ಮಿತಿ ಇತ್ತು. ಆರುನೂರು ಗಂಟೆ ಓಡಿದ ಮೇಲೆ ಅದನ್ನು ಇಳಿಸಿ, ಬೆಂಗಳೂರಿಗೆ ಕಳಿಸಿ, ಪೂರ್ತಿ ಬಿಚ್ಚಿ ನೋಡಿಸಬೇಕು. ಪುಸ್ತಕದ ಪ್ರಕಾರ ಐನೂರ ತೊಂಬತ್ತೆರಡು ಗಂಟೆ ಹತ್ತು ನಿಮಿಷ ಆಗಿತ್ತು. ಮೂರು ತೋಟಕ್ಕೆ ಏಳು ಗಂಟೆ ಸಾಕು. ಲೆಕ್ಕ ಸರಿಯಾಗಿ ಕೂಡಿ ಬಂತು ಎಂದು ಮ್ಯಾನೇಜರ್ ಶಂಭು ಆಳ್ವರು ಖುಷಿಯಾಗಿದ್ದರು. ಎಂಜಿನ್ ಕಳಿಸುವಾಗ ಅದರ ಜೊತೆ ಹಾರಾಟದ ಸಾರಾಂಶವೊಂದು ಹೋಗಬೇಕು, ಈಗಲೇ ಟೈಪ್ ಮಾಡಿಡು ಎಂದು ಕಾಂತಿಗೆ ಹೇಳಿದರು.

ಕಾಂತಿ ಪುಸ್ತಕದ ಮೊತ್ತಗಳನ್ನು ನೋಡಿ ನಕಲು ಮಾಡಬಹುದಿತ್ತು. ಹಾಗೆ ಮಾಡಲಿಲ್ಲ. ಹಾರಾಟದ ಪುಸ್ತಕ ತೆಗೆದು ಒಂದೊಂದೇ ದಿನ ಕೂಡಿಸುತ್ತ ಬಂದಳು. ನಿಮಿಷ ಅರವತ್ತಾದಾಗ ಒಂದು ಗಂಟೆ ಏರಿಸಬೇಕು. ಅಭ್ಯಾಸವಿಲ್ಲದವರಿಗೆ ಅಲ್ಲೇ ತಪ್ಪುವುದು. ಅವಳಿಗೆ ಸಿಕ್ಕಿದ್ದು ಆರುನೂರ ಒಂದು ಗಂಟೆ ಹತ್ತು ನಿಮಿಷ. ಎಲ್ಲೋ ಎಡವಿದೆ ಎಂದು ಎರಡನೇ ಸಲ ಕೂಡಿಸಿದಳು. ಮೂರನೇ ಸಲವೂ ಅಷ್ಟೇ ಬಂದಾಗ ಎಂಜಿನ್ನಿನ ಪುಸ್ತಕದ ಪುಟಗಳನ್ನು ಹಿಂದಿನಿಂದ ತಿರುವುತ್ತ ಹೋದಳು. ಜನವರಿಯ ಒಂದು ಪುಟದ ಕೊನೆಯಲ್ಲಿ ಮೊತ್ತ ನಾನೂರ ಎಂಬತ್ತೇಳು ಗಂಟೆ ಇಪ್ಪತ್ತೈದು ನಿಮಿಷ ಎಂದಿತ್ತು. ಪುಟ ಮಗುಚಿದರೆ, ಮೇಲಿನ ಸಾಲಿನಲ್ಲಿ ನಾನೂರ ಎಪ್ಪತ್ತೆಂಟು ಗಂಟೆ ಇಪ್ಪತ್ತೈದು ನಿಮಿಷ. ಏಳೂ ಎಂಟೂ ಜಾಗ ಬದಲಿಸಿದ್ದವು. ಅಣ್ಣು ಶೆಟ್ಟರ ಮುತ್ತಿನಂಥ ಅಕ್ಷರದಲ್ಲಿಯೇ.

ಹೊರಗೆ ರಹಿಮಾನರು ಮದ್ದಿನ ಟ್ಯಾಂಕು ತೊಳೆಸುತ್ತಿದ್ದರು. ಪೂವಯ್ಯನವರು ನೆರಳಿನಲ್ಲಿ ಕುಳಿತು ಸಂಜೆ ನಾಲ್ಕರ ಹಾರಾಟಕ್ಕೆ ನಕ್ಷೆ ನೋಡುತ್ತಿದ್ದರು. ಶೆಟ್ಟರು ಪೆನ್ನಿಗೆ ಮಸಿ ತುಂಬಿಸುತ್ತಿದ್ದರು. ಈ ಮನುಷ್ಯನ ಎದುರು ನಿಂತು ನಿಮ್ಮದು ತಪ್ಪು ಎಂದು ಹೇಳುವುದು ಹೇಗೆ ಎಂದು ಕಾಂತಿಗೆ ತಿಳಿಯಲಿಲ್ಲ. ಹೇಳದೆ ಇದ್ದರೂ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಎಂಜಿನ್ ಹೇಗೂ ವಾರದೊಳಗೆ ಇಳಿಯುವುದೇ. ಆದರೆ ಶೆಟ್ಟರ ಜೊತೆ ಒಂದು ವರ್ಷ ಎಂಜಿನ್ನಿನ ಕೆಳಗೆ ಮಂಡಿಯೂರಿದ ಮೇಲೆ, ಕಂಡದ್ದನ್ನು ಕಾಣಲಿಲ್ಲ ಎಂದುಕೊಳ್ಳುವುದು ಅವಳಿಂದ ಆಗಲಿಲ್ಲ. ಎರಡು ಪುಟಗಳನ್ನೂ ಬೆರಳಲ್ಲಿ ಹಿಡಿದುಕೊಂಡೇ ಎದ್ದು ಹೋದಳು.

"ಶೆಟ್ರೇ, ಇದೊಂದು ಸ್ವಲ್ಪ ನೋಡಿ. ನಂಗೆ ಒಂಬತ್ತು ಗಂಟೆ ಹೆಚ್ಚು ಬರ್ತದೆ."

ಶೆಟ್ಟರು ನೋಡಿದರು. ಪುಟ ಆಚೆ ಈಚೆ ಮಗುಚಿದರು. ಹಾರಾಟದ ಪುಸ್ತಕ ತರಿಸಿಕೊಂಡು ತಾವೂ ಒಂದು ಸಲ ಕೂಡಿಸಿದರು. ಮುಗಿಸಿ ಪೆನ್ನು ಕೆಳಗಿಟ್ಟರು.

"ನೀನು ಹೇಳಿದ್ದು ಸರಿ. ತಪ್ಪು ನನ್ನದೇ."

ಆ ಜನವರಿಯಲ್ಲಿ ಅವರಿಗೆ ಜೋರು ಜ್ವರ ಇತ್ತು, ಕಂಬಳಿ ಹೊದ್ದುಕೊಂಡೇ ಆಫೀಸಿಗೆ ಬಂದಿದ್ದರು ಎಂದು ಕಾಂತಿಗೆ ನೆನಪಾಯಿತು. ಅದನ್ನು ಹೇಳಿದಳು. ಯಾಕೆ ತಪ್ಪಿತು ಎಂದು ಬರೆಯಲಿಕ್ಕೆ ಈ ಪುಸ್ತಕದಲ್ಲಿ ಕಾಲಂ ಇಲ್ಲ ಎಂದು ಶೆಟ್ಟರು ಎದ್ದರು. ಎದ್ದವರು ನೇರವಾಗಿ ಪೂವಯ್ಯ ಮತ್ತು ರಹಿಮಾನರ ಬಳಿ ಹೋಗಿ, ವಿಮಾನ ಇನ್ನು ಹಾರುವಂತಿಲ್ಲ, ಮಿತಿ ಮುಗಿದು ಒಂದು ಗಂಟೆ ಹತ್ತು ನಿಮಿಷ ಆಯಿತು ಎಂದರು.

ಸುದ್ದಿ ಕೇಳಿ ಶಂಭು ಆಳ್ವರು ಓಡಿಬಂದರು. ಅವರು ಕೆಟ್ಟ ಮನುಷ್ಯರಲ್ಲ. ಮೂರು ತೋಟದವರಿಗೆ ಮಾತು ಕೊಟ್ಟಿದ್ದರು. ಕೊಟ್ಟ ಮಾತು ತಪ್ಪುವುದು ಅವರಿಗೆ ಪ್ರಾಣಸಂಕಟ. ಪುಸ್ತಕದಲ್ಲಿ ಸುಳ್ಳು ಬರೆಯಿರಿ ಎಂದು ಅವರು ಹೇಳಲಿಲ್ಲ. ಬಾಗಿಲು ಮುಂದೆ ಮಾಡಿ, ಸ್ವರ ಇಳಿಸಿ, ಬೇರೆಯೇ ಒಂದು ದಾರಿ ಹೇಳಿದರು.

"ತಪ್ಪು ಇದ್ದದ್ದು ಹೌದು, ತಿದ್ದುವ. ಆದ್ರೆ ಇದನ್ನು ಇವತ್ತೇ ಕಂಡದ್ದು ಅಂತ ಎಂತಕ್ಕೆ ಮಾರಾಯ್ರೆ? ಎಂಜಿನ್ ಇಳಿಸುವ ದಿನ ಕಂಡದ್ದು ಅಂತ ಆಗ್ಲಿ. ಎಂಟು ದಿನದ ಮಾತು. ನಿಮ್ಮ ಅಕ್ಕನ ತೋಟವೇ ಉಂಟಲ್ಲ."

ರಹಿಮಾನರು ನೆಲ ನೋಡುತ್ತ ನಿಂತಿದ್ದರು. ಜನವರಿಯ ಆ ಪುಟದ ಕೆಳಗೆ ಅವರ ಸಹಿಯೂ ಇತ್ತು. ವಿಷಯ ಮದರಾಸಿನ ವಿಮಾನಯಾನ ಇಲಾಖೆಗೆ ಹೋದರೆ ಅವರ ಲೈಸೆನ್ಸಿನ ತನಕ ಬರಬಹುದಿತ್ತು. ಶೆಟ್ಟರು ಅವರ ಕಡೆ ನೋಡಿದರು. ರಹಿಮಾನರು ತಲೆಯೆತ್ತಿ, ಬರೆಯಿರಿ ಶೆಟ್ರೇ ಎಂದರು.

ಆಳ್ವರು ಕಾಂತಿಯ ಕಡೆ ತಿರುಗಿದರು. ಎಂಟು ದಿನ ಬಾಯಿ ಮುಚ್ಚಿಕೊಂಡಿರಲು ನಿನಗೇನು ಕಷ್ಟ ಎಂದು ಅವರು ಕೇಳುವ ಮೊದಲೇ ಶೆಟ್ಟರು ಕುರ್ಚಿ ಎಳೆದು, ಪುಸ್ತಕವನ್ನು ಅವಳ ಮುಂದಿಟ್ಟರು. ತಪ್ಪಿದ ಅಂಕಿಯ ಮೇಲೆ ಕೆಂಪು ಮಸಿಯಲ್ಲಿ ತಾವೇ ಒಂದು ಗೆರೆ ಎಳೆದರು. ಹಳೆಯ ಅಂಕಿ ಕೆಳಗೆ ಸ್ಪಷ್ಟವಾಗಿ ಕಾಣುವಂಥ ತೆಳ್ಳನೆಯ ಗೆರೆ. ಪಕ್ಕದಲ್ಲಿ ಸರಿ ಅಂಕಿ, ಕೆಳಗೆ ಸಹಿ.

"ಕಂಡುಹಿಡಿದದ್ದು ನೀನು. ಯಾವಾಗ ಕಂಡದ್ದು ಅಂತ ನೀನೇ ಬರಿ."

ಆ ಪುಸ್ತಕದಲ್ಲಿ ಅದುವರೆಗೆ ಕಾಂತಿಯ ಒಂದಕ್ಷರವೂ ಇರಲಿಲ್ಲ. ಮನೆಯಲ್ಲಿ ಅವಳ ಸಂಬಳ ನಂಬಿದವರು ಇದ್ದರು. ಆಳ್ವರ ಮುಖ ನೋಡಲು ಧೈರ್ಯವಾಗದೆ ಅವಳು ಪುಸ್ತಕವನ್ನೇ ನೋಡಿದಳು. ಆಮೇಲೆ ಬರೆದಳು: ಹಿಂದಿನ ಪುಟದ ಮೊತ್ತ ಮುಂದೆ ತರುವಾಗ ಒಂಬತ್ತು ಗಂಟೆ ಕಡಿಮೆ ಬಂದಿರುವುದು ಇಪ್ಪತ್ತಾರು ಮೇ ಸಾವಿರದ ಒಂಬೈನೂರ ಅರವತ್ತೈದು, ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಕಂಡುಬಂತು. ಕೆಳಗೆ ಸಹಿ ಹಾಕಿದಳು. ಶೆಟ್ಟರು ಒತ್ತುಕಾಗದ ಇಟ್ಟು ಮಸಿ ಒಣಗಿಸಿದರು.

ಪೂವಯ್ಯನವರು ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದು ಆ ಸಾಲನ್ನು ಓದಿ, ಆಳ್ವರಿಗೆ ಹೇಳಿದರು: "ನಾನು ಎಂಜಿನ್ನಿನ ಒಳಗೆ ಇಣುಕಿ ನೋಡಿ ಹಾರುವವನಲ್ಲ, ಆಳ್ವರೇ. ಈ ಪುಸ್ತಕ ನೋಡಿ ಹಾರುವವನು." ಟೊಪ್ಪಿ ತೆಗೆದು ಗೂಟಕ್ಕೆ ಸಿಕ್ಕಿಸಿದರು. ಆ ವರ್ಷದ ಹಾರಾಟ ಅಲ್ಲಿಗೆ ನಿಂತಿತು.

ಹತ್ತು ಗಂಟೆ ಹೆಚ್ಚಿಗೆ ಹಾರಲು ಅನುಮತಿ ಕೇಳಿ ಅಂದೇ ಮದರಾಸಿಗೆ ತಂತಿ ಕಳಿಸಿದರು. ಮೂರು ದಿನದ ಮೇಲೆ ಉತ್ತರ ಬಂತು: ಅನುಮತಿ ಇಲ್ಲ, ಎಂಜಿನ್ ಇಳಿಸಿ. ಡ್ರೈವರ್ ಹನೀಫಾ ತನ್ನ ಲಾರಿಯಲ್ಲಿ ಬೈಹುಲ್ಲು ಹಾಸಿ, ಅದರ ಮೇಲೆ ಎಂಜಿನ್ನಿನ ಪೆಟ್ಟಿಗೆಯನ್ನಿಟ್ಟು ಘಾಟಿ ಹತ್ತಿದ.

ಆ ಮೂರು ದಿನ ಶೆಟ್ಟರು ಪದವಿನಲ್ಲಿ ಇರಲಿಲ್ಲ. ರಜೆ ಬರೆದುಕೊಟ್ಟು ಬೆಳ್ತಂಗಡಿಗೆ ಹೋಗಿದ್ದರು. ಅಲ್ಲಿ ಏನು ಮಾಡಿದರೆಂದು ಕಾಂತಿಗೆ ಗೊತ್ತಾದದ್ದು ಹನೀಫಾನಿಂದ. ಶೆಟ್ಟರು ಬೆನ್ನಿಗೆ ಹೊರುವ ಮೂರು ಪಂಪು ಎರವಲು ತಂದು, ಆಳುಗಳ ಜೊತೆ ತಾವೂ ಒಂದನ್ನು ಹೊತ್ತು, ಅಕ್ಕನ ತೋಟದಲ್ಲಿ ಮರದಿಂದ ಮರಕ್ಕೆ ಮದ್ದು ಬಿಡುತ್ತಿದ್ದರಂತೆ. ಮೈಲುತುತ್ತಿನ ನೀಲಿ ಅಂಗಿಗೂ ಮೀಸೆಗೂ ಹತ್ತಿತ್ತಂತೆ. ಮದ್ದು ಮರದ ಅರ್ಧಕ್ಕೂ ಏರಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಮಳೆ ಹಿಡಿಯಿತು.

ಆಟಿಯಲ್ಲಿ ಅಮ್ಮಣ್ಣಿಯವರ ರಬ್ಬರ್ ಮರಗಳು ಎಲೆ ಉದುರಿಸಿ ಬೋಳಾದವು. ಅವರು ತಮ್ಮನಿಗೆ ಬೈಯಲಿಲ್ಲ, ಮಾತೇ ಬಿಟ್ಟರು. ಶೆಟ್ಟರು ಚೌತಿಗೂ ಆ ಮನೆಗೆ ಹೋಗಲಿಲ್ಲ. ಎಂಜಿನ್ ಇಲ್ಲದ ವಿಮಾನ ಶೆಡ್ಡಿನಲ್ಲಿ ನಿಂತಿರುವಾಗಲೂ ಅವರು ದಿನಾ ಬಂದು, ಹೊದಿಕೆ ಎತ್ತಿ, ಎಲ್ಲೆಲ್ಲಿ ತೇವ ಕೂತಿದೆ ಎಂದು ನೋಡಿ, ಒಂದು ಸಾಲು ಬರೆಯುತ್ತಿದ್ದರು.

ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ವರದಿ ಬಂತು. ಎಂಜಿನ್ನನ್ನು ಪೂರ್ತಿ ಬಿಚ್ಚಿ ನೋಡಲಾಗಿದೆ. ಎಲ್ಲ ಭಾಗಗಳೂ ಮಿತಿಯೊಳಗೆ ಇವೆ. ಸಹಜ ಸವೆತ ಬಿಟ್ಟರೆ ದೋಷವೇನೂ ಕಂಡಿಲ್ಲ. ಆಳ್ವರು ಅದನ್ನು ಗಟ್ಟಿಯಾಗಿ ಓದಿ ಶೆಟ್ಟರ ಮೇಜಿನ ಮೇಲೆ ಇಟ್ಟು ಹೋದರು. ಇನ್ನೂ ಐವತ್ತು ಗಂಟೆ ಸುಖವಾಗಿ ಓಡುತ್ತಿತ್ತು ಎಂದು ಹೋಗುತ್ತ ಹೇಳಿದರು.

ಕಾಂತಿಗೆ ಅಳು ಬಂತು. ಒಳಗೆ ಎಲ್ಲೋ ಒಂದು ಬಿರುಕು ಸಿಕ್ಕಿದ್ದರೆ, ಒಂದು ತುಂಡು ಸವೆದಿದ್ದರೆ, ಶೆಟ್ಟರ ಅಕ್ಕನ ಮುಂದೆ ಹಿಡಿಯಬಹುದಿತ್ತಲ್ಲ ಎಂದು ಅವಳು ಆ ನಾಲ್ಕು ತಿಂಗಳೂ ಮನಸ್ಸಿನಲ್ಲೇ ಕಾಯುತ್ತಿದ್ದಳು. ಅದನ್ನು ಶೆಟ್ಟರಿಗೆ ಹೇಳಿಯೂ ಬಿಟ್ಟಳು.

ಶೆಟ್ಟರು ಆಶ್ಚರ್ಯದಿಂದ ಅವಳ ಮುಖ ನೋಡಿದರು. "ಅದು ಕೆಟ್ಟಿರಬೇಕಿತ್ತು ಅಂತ ನಾವು ಬಯಸುವುದಾ, ಕಾಂತಿ? ಒಳ್ಳೇ ಎಂಜಿನ್. ರಹಿಮಾನರು ಚೆನ್ನಾಗಿ ನೋಡಿಕೊಂಡಿದ್ದಾರೆ." ಅವರ ಮುಖದಲ್ಲಿ ನಿಜವಾದ ಸಂತೋಷ ಇತ್ತು. ವರದಿಗೆ ತೂತು ಹೊಡೆದು ಫೈಲಿಗೆ ಸೇರಿಸುತ್ತ ಅವರು ರಹಿಮಾನರನ್ನು ಕೂಗಿ ಕರೆದು ಅದನ್ನು ಇನ್ನೊಮ್ಮೆ ಓದಿಸಿದರು. ಇಷ್ಟು ದಿನ ಶೆಟ್ಟರನ್ನು ಕಟ್ಟುನಿಟ್ಟಿನ ಮನುಷ್ಯ ಎಂದಷ್ಟೇ ತಿಳಿದಿದ್ದ ಕಾಂತಿ ಆ ಮಧ್ಯಾಹ್ನ ಅವರನ್ನು ಬೇರೆ ರೀತಿಯಲ್ಲಿ ನೋಡಿದಳು.

ಅಕ್ಟೋಬರಿನಲ್ಲಿ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಎರಡು ದಿನ ಪುಸ್ತಕಗಳನ್ನು ಓದಿದರು. ಕೆಂಪು ಗೆರೆಯ ಪುಟಕ್ಕೆ ಬಂದಾಗ ಕಾಂತಿಯನ್ನು ಕರೆಸಿ, ಸಮಯವನ್ನೂ ಬರೆಯಬೇಕೆಂದು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಇಲ್ಲ, ಗಡಿಯಾರ ಎದುರಿಗೇ ಇತ್ತು ಎಂದಳು. ಅವರು ಮುಗುಳ್ನಕ್ಕರು. ಹಾರಾಟದ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಆದರೆ ನಿಯಮ ನಿಯಮವೇ. ಹದಿನೈದು ದಿನದ ಮೇಲೆ ಶೆಟ್ಟರಿಗೂ ರಹಿಮಾನರಿಗೂ ಎಚ್ಚರಿಕೆಯ ಪತ್ರ ಬಂತು. ಕಾಂತಿ ಅದನ್ನು ಫೈಲಿನ ಕಟ್ಟಕಡೆಗೆ, ಯಾರಿಗೂ ಕಾಣದ ಕಡೆ ಸೇರಿಸಿದಳು. ಶೆಟ್ಟರು ಹುಡುಕಿ ತೆಗೆದು ತಾರೀಕಿನ ಪ್ರಕಾರ ಅದರ ಜಾಗದಲ್ಲೇ ಇಟ್ಟರು.

ದೀಪಾವಳಿ ಕಳೆದು ಒಂದು ವಾರಕ್ಕೆ, ಹನ್ನೊಂದು ಗಂಟೆಯ ಬಸ್ಸಿಗೆ, ಅಮ್ಮಣ್ಣಿಯವರು ಪದವಿಗೆ ಬಂದರು. ಬಿಳಿ ಕೂದಲು, ಕೈಯಲ್ಲಿ ಕೊಡೆ, ಬಿಸಿಲಿಗೆ ಕೆಂಪಾದ ಮುಖ. ಶೆಟ್ಟರು ಪೇಟೆಗೆ ಹೋಗಿದ್ದರು. ಅಮ್ಮಣ್ಣಿಯವರು ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ.

"ಕೆಂಪು ಗೆರೆ ಎಳೆದದ್ದಂತಲ್ಲ, ಅದು ಯಾವುದು, ತೋರಿಸು ಮಗಾ."

ಕಾಂತಿ ಪೆಟ್ಟಿಗೆ ತೆರೆದು ಪುಟ ತೋರಿಸಿದಳು. ಅಮ್ಮಣ್ಣಿಯವರಿಗೆ ಇಂಗ್ಲಿಷ್ ಓದು ಬರುತ್ತಿರಲಿಲ್ಲ, ಅಂಕಿ ಗೊತ್ತಿತ್ತು. ಎಂಬತ್ತೇಳು, ಎಪ್ಪತ್ತೆಂಟು ಎಂದು ಬೆರಳಿಟ್ಟು ಓದಿದರು. ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದರು. ಇಷ್ಟು ಸಪೂರ ಗೆರೆಯಾ ಎಂದರು. ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು. ನಾನು ಎಂದಳು ಕಾಂತಿ.

"ನನ್ನ ತಮ್ಮ ನಿನಗೆ ಬೈಯಲಿಲ್ವಾ?"

"ಇಲ್ಲ ಅಮ್ಮ. ನನ್ನ ಕೈಯಲ್ಲೇ ಬರೆಸಿದ್ರು. ಮತ್ತೆ ಯಾವ ದಿನವೂ ಅದರ ಮಾತು ಎತ್ತಲಿಲ್ಲ."

ಅಮ್ಮಣ್ಣಿಯವರು ಕುರ್ಚಿ ಎಳೆದು ಕುಳಿತರು. ಈಗ ನೀರು ಕೇಳಿ ಕುಡಿದರು. ಮೂರು ದಿನ ಮೈಯೆಲ್ಲ ನೀಲಿ ಮಾಡಿಕೊಂಡು ಮದ್ದು ಬಿಟ್ಟ, ಒಂದು ಹೊತ್ತೂ ಒಳಗೆ ಬಂದು ಉಣ್ಣಲಿಲ್ಲ, ಆಳುಗಳ ಜೊತೆ ಅಂಗಳದಲ್ಲೇ ಗಂಜಿ ಕುಡಿದ ಎಂದು ಹೇಳಿದರು. ಆಗ ತಾನೂ ಸಿಟ್ಟಿನಲ್ಲಿ ಕರೆಯಲಿಲ್ಲ ಎಂದರು. ಅಷ್ಟರಲ್ಲಿ ಶೆಟ್ಟರ ಸೈಕಲ್ ಬಂದು ನಿಂತಿತು. ಅಕ್ಕನನ್ನು ಕಂಡು ಅವರು ಬಾಗಿಲಲ್ಲೇ ನಿಂತುಬಿಟ್ಟರು. ಅಮ್ಮಣ್ಣಿಯವರು ಕಣ್ಣೊರೆಸಿಕೊಂಡು, ಹೊಸ ಎಲೆ ಬಂದಿದೆ, ಬರುವ ವರ್ಷ ನನ್ನ ತೋಟವೇ ಮೊದಲಾಗಬೇಕು, ಬೇರೆಯವರು ಆಮೇಲೆ ಎಂದು ಜೋರು ಮಾಡಿದರು. ಶೆಟ್ಟರು ಆಗಲಿ ಅಕ್ಕ ಎಂದರು. ಮೂವರೂ ಕೂತು ಶೆಟ್ಟರ ಬುತ್ತಿಯನ್ನೇ ಹಂಚಿಕೊಂಡು ಉಂಡರು.

ಮರುವರ್ಷ ಏಪ್ರಿಲ್ ಕೊನೆಗೆ ಅಮ್ಮಣ್ಣಿಯವರ ತೋಟಕ್ಕೆ ಮೊದಲ ಮದ್ದು ಬಿತ್ತು. ಆ ವೇಳೆಗೆ ಪದವಿನಲ್ಲಿ ಒಂದು ಹೊಸ ಪದ್ಧತಿ ಬಂದಿತ್ತು. ಪುಟ ಮಗುಚುವಾಗ ಮೊತ್ತವನ್ನು ಒಬ್ಬರು ತರುವುದು, ಇನ್ನೊಬ್ಬರು ಕೂಡಿಸಿ ನೋಡುವುದು, ಇಬ್ಬರೂ ಸಹಿ ಹಾಕುವುದು. ಅದನ್ನು ಕಂಪೆನಿಯ ಉಳಿದ ಎರಡು ವಿಮಾನಗಳಿಗೂ ಮಾಡಿಸಿ ಎಂದು ಕೇಂದ್ರ ಕಚೇರಿಗೆ ಪತ್ರ ಬರೆದವರು ಶಂಭು ಆಳ್ವರು. ಟೈಪ್ ಮಾಡುವಾಗ ಕಾಂತಿ ನೋಡಿದಳು, ಪತ್ರದಲ್ಲಿ ಅಣ್ಣು ಶೆಟ್ಟರ ಹೆಸರಿನ ಜೊತೆ ತನ್ನ ಹೆಸರೂ ಇತ್ತು, ಸಹಾಯಕ ದಾಖಲೆಗಾರ್ತಿ ಎಂದು. ಟೈಪಿಸ್ಟ್ ಎಂದು ಇರಬೇಕಲ್ಲವೇ ಎಂದು ಆಳ್ವರನ್ನು ಕೇಳಿದಳು. ಇದ್ದ ಹಾಗೆಯೇ ಟೈಪ್ ಮಾಡು ಎಂದರು ಅವರು, ತಲೆಯೆತ್ತದೆ.